ಮಾಮಾನ ಕೆಂಪು ಬಾವುಟಗಳು

ನಮ್ಮ ಸೋದರಮಾವನ ಕಣ್ಣಿಗೆ ಬಿದ್ದ ಕೆಂಪು ಬಟ್ಟೆ ಮೋರಿ ಸೇರದೆ ಉಳಿದ ಉದಾಹರಣೆ ನಮ್ಮ ಇಡೀ ಕುಷಾಯಿಗೂಡ ಬಡಾವಣೆಯಲ್ಲಿಲ್ಲ! ಲಂಗವೋ ಟವೆಲ್ಲೋ ಉಡಿ ತುಂಬಿದ ಖಣವೋ, ಅವರಿಗೆ ಭೇದವಿಲ್ಲ. ನನ್ನ ತವರಿನ ಕೆಂಪು ಇಳಕಲ್ ಸೀರೆಯನ್ನು ನಾನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಕಳ್ಳರಿಗೆ ಹೆದರಿ ಅಂದುಕೊಂಡಿರಾ? ಎರಡು ಗಲ್ಲಿ ಆಚೆಗಿರುವ ಈ ಮಾಮಾನಿಗೆ ಹೆದರಿ!

ಮಾಮಾ ಆ ಬಟ್ಟೆಯನ್ನು ಕತ್ತರಿಸಿ, ಅಂಚು ಮಡಚಿ, ಡಬಲ್ ಹೊಲಿಗೆ ಹಾಕಿ, ಬಿದಿರು ಕೋಲಿಗೆ ಪೋಣಿಸಿ, ಮುಚ್ಚಳವಿಲ್ಲದ ಮ್ಯಾನ್‌ಹೋಲಿನಲ್ಲಿ ನೆಟ್ಟು ಬರುತ್ತಾರೆ. ಮಳೆ ಬಂದರೆ ನಮ್ಮ ರಸ್ತೆ ಹೊಳೆಯಾಗುತ್ತದೆ. ಗುಂಡಿ ಕಾಣದಿದ್ದರೂ ಬಾವುಟ ಕಾಣಬೇಕಲ್ಲ? ಬಾಲಾನಗರದ ವರ್ಕ್‌ಶಾಪಿನಲ್ಲಿ ಜೀವಮಾನವಿಡೀ ಲೇಥ್ ತಿರುಗಿಸಿದ ಮನುಷ್ಯ, ತನ್ನ ಅಂಗಿಯ ಗುಂಡಿಯನ್ನೂ ಹೊಲಿದುಕೊಂಡವರಲ್ಲ. ಈಗ ದಿನವಿಡೀ ಹೊಲಿಗೆ ಮಷಿನ್ ಮುಂದೆ!

ಚುನಾವಣೆಯ ಹೊತ್ತಿನಲ್ಲಿ ಯಾರೋ ಬೈಕ್ ನಿಲ್ಲಿಸಿ, "ಅಂಕುಲ್, ಮೀದಿ ಏ ಪಾರ್ಟಿ?" ಎಂದು, ಅಂದರೆ ನಿಮ್ಮದು ಯಾವ ಪಾರ್ಟಿ ಅಂತ, ತೆಲುಗಿನಲ್ಲಿ ಅನುಮಾನದಿಂದ ಕೇಳಿದನಂತೆ.

"ನಡಕೊಂಡು ಹೋಗೋರ ಪಾರ್ಟಿ" ಅಂದರಂತೆ ಮಾಮಾ. ಆ ಪಾರ್ಟಿಯ ಟಿಕೆಟ್ ಬೇಕೆಂದು ಇದುವರೆಗೆ ಯಾರೂ ಬಂದಿಲ್ಲ.

ಇಲ್ಲಿಯ ಅಮ್ಮನವರ ಬೋನಾಲು ಹಬ್ಬದ ತಿಂಗಳಲ್ಲಿ ಇನ್ನೊಂದು ಪ್ರಹಸನ. ಮೂಲೆಯ ಬಾವುಟಕ್ಕೆ ಯಾರೋ ಅರಿಶಿನ ಕುಂಕುಮ ಹಚ್ಚಿದರು. ಮರುದಿನ ಬೇವಿನ ಸೊಪ್ಪು ಬಂತು. ಮೂರನೆಯ ದಿನ ಒಬ್ಬ ಮಹಾತಾಯಿ ತೆಂಗಿನಕಾಯಿ ಒಡೆದು ಮೂರು ಸುತ್ತು ಪ್ರದಕ್ಷಿಣೆ ಹಾಕಿಯೇಬಿಟ್ಟಳು! ನಾನು ನಗು ತಡೆಯಲಾರದೆ ಓಡಿಹೋಗಿ ಹೇಳಿದರೆ ಮಾಮಾ ತಲೆ ಕೂಡ ಎತ್ತಲಿಲ್ಲ.

"ದೇವರಂತ ತಿಳಕೊಂಡ್ರೂ ಛಲೋನ ಆತು ಬಿಡವ್ವಾ. ಸುತ್ತು ಹಾಕಿ ಹೋಗ್ತಾರ. ನಡುವ ಕಾಲಿಡಂಗಿಲ್ಲ."

ಆಮೇಲೆ ನನಗೆ ನಗು ಬರಲಿಲ್ಲ. ಯಾಕೆಂದರೆ ಆ ಮಷಿನ್ ಮಾಮಾನ ಹೆಂಡತಿ, ನಮ್ಮ ಅತ್ತೆಯದು. ಇಡೀ ಗಲ್ಲಿಯ ಹೆಂಗಸರ ರವಿಕೆಗಳನ್ನು ಅತ್ತೆ ಅದರಲ್ಲೇ ಹೊಲಿಯುತ್ತಿದ್ದರು. "ಏನಿದು ಟಕಟಕ, ತಲಿ ಚಿಟ್ಟ ಹಿಡೀತೈತಿ" ಎಂದು ಮಾಮಾ ಬೈಯುತ್ತಿದ್ದರು. ಮೂರು ಮಳೆಗಾಲದ ಹಿಂದೆ ಒಂದು ಸಂಜೆ ಇಬ್ಬರೂ ರವಿಕೆ ಕೊಟ್ಟು ಮನೆಗೆ ಬರುತ್ತಿದ್ದರು. ರಸ್ತೆಯಲ್ಲಿ ಮೊಣಕಾಲುದ್ದ ನೀರು. ಎಂದಿನಂತೆ ಮಾಮಾ ನಾಲ್ಕು ಹೆಜ್ಜೆ ಮುಂದೆ, ಕೊಡೆಯೂ ಅವರ ಕೈಯಲ್ಲೇ. "ಜಲ್ದಿ ಬಾ" ಎಂದು ತಿರುಗಿ ನೋಡಿದರೆ ಹಿಂದೆ ಬರೀ ನೀರು. ತೆರೆದ ಮ್ಯಾನ್‌ಹೋಲ್ ಅತ್ತೆಯನ್ನು ನುಂಗಿತ್ತು. ಮರುದಿನ ನಾಲೆಯಲ್ಲಿ ಸಿಕ್ಕಿದರು.

ಈ ವರ್ಷ ಮೊದಲ ಮೋಡ ಕಟ್ಟಿದ ದಿನ ಮಾಮಾ ನನ್ನನ್ನು ಕರೆದರು. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಶಾಲೆಯ ರಸ್ತೆಯಲ್ಲಿ ಮೂರು ಮುಚ್ಚಳ ಹೋಗಿವೆ, ಮನೆಯಲ್ಲಿ ಕೆಂಪು ಬಟ್ಟೆ ಚೂರೂ ಇಲ್ಲ ಎಂದು ಚಡಪಡಿಸುತ್ತಿದ್ದರು. ನಾನು ಟ್ರಂಕು ತಡಕಿದೆ. ತಳದಲ್ಲಿ ಅಚ್ಚ ಕೆಂಪು ಸೀರೆ!

"ಇದು ಐತಲ್ಲ ಮಾಮಾ!" ಎಂದೆ. ಎಂಥ ಪೆದ್ದಿ ನಾನು. ಅದು ಅತ್ತೆಯ ಧಾರೆ ಸೀರೆ.

ಮಾಮಾ ಅದನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಇದೊಂದು ಬ್ಯಾಡವ್ವಾ. ಆಕಿನ್ನ ಮತ್ತ ಅಲ್ಲಿಗೇ ಕಳಸಲೇನು?"

ನಾನು ಮನೆಗೆ ಹೋಗಿ ಬೀರುವಿನ ಬೀಗ ತೆಗೆದೆ. ಇಳಕಲ್ ಸೀರೆ ತಂದು ಮಷಿನ್ ಮೇಲೆ ಹಾಕಿದಾಗ ಮಾಮಾ ಸೆರಗು ಮುಟ್ಟಿ ನೋಡಿದರು.

"ಭಾಳ ಛಲೋ ಸೀರಿ ಐತಿ. ಯಾಕ ಹಾಳ ಮಾಡ್ತಿ?"

"ಮೂರು ಬಾವುಟ ಆಗ್ತಾವ ಮಾಮಾ. ಹೊಲೀರಿ."

ನಾನು ದಾರ ಪೋಣಿಸಿ ಕೊಟ್ಟೆ, ಅವರು ಹೊಲಿದರು. ಕೋಲುಗಳನ್ನು ಹಿಡಿದು ಹೊರಗೆ ಬರುವಷ್ಟರಲ್ಲಿ ಹನಿ ಶುರುವಾಗಿತ್ತು. ನಾನು ಅಭ್ಯಾಸದಂತೆ ಅವರ ಹಿಂದೆ ನಿಂತೆ. ಮಾಮಾ ಕೊಡೆ ಬಿಚ್ಚಿ ನನ್ನ ಕೈಗಿತ್ತರು.

"ನೀ ಮುಂದ ನಡಿಯವ್ವಾ" ಅಂದರು. "ನಾ ನಿನ್ನ ನೋಡಕೋತ ಬರ್ತೀನಿ."