ಲಾವಣಿಗೆ ಹಿಡಿದ ಕಾರು

ನಾನು ಹೊಟ್ಟೆಕಿಚ್ಚಿನ ಮನುಷ್ಯನಲ್ಲ. ಬೇಕಾದರೆ ಕುಂದಗೋಳದ ಪೇಟೆಯಲ್ಲಿ ಕೇಳಿ ನೋಡಿ. ನನ್ನ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿಯ ಎದುರಿಗೇ ಇನ್ನೊಬ್ಬ ಅಂಥದೇ ಅಂಗಡಿ ತೆರೆದಾಗ, ಮೊದಲ ದಿನ ಹೋಗಿ ತೆಂಗಿನಕಾಯಿ ಒಡೆದು ಬಂದವನು ನಾನೇ. ಮೂರು ತಿಂಗಳಿಗೆ ಅವನು ಬಾಗಿಲು ಹಾಕಿದಾಗ ಪೇಢೆ ಹಂಚಿದವನೂ ನಾನೇ, ಆದರೆ ಅದು ಬೇರೆ ಮಾತು.

ಇಂಥ ನನ್ನನ್ನು ಕೆಡಿಸಿದವನು ನನ್ನ ಷಡ್ಡಕ ಶಿವಾನಂದ. ನನ್ನ ಹೆಂಡತಿ ಗಿರಿಜಾಳ ತಂಗಿ ಸುಮಾಳ ಗಂಡ. ಅಣ್ಣಿಗೇರಿಯಲ್ಲಿ ಕಡಲೆ ವ್ಯಾಪಾರ ಮಾಡುತ್ತಾನೆ. ನನಗಿಂತ ಎಂಟು ವರ್ಷ ಚಿಕ್ಕವನು, ನನಗಿಂತ ಒಂದು ಗೇಣು ಎತ್ತರ, ತಲೆ ತುಂಬ ಕೂದಲು. ಇಷ್ಟನ್ನು ನಾನು ಸಹಿಸಿಕೊಂಡಿದ್ದೆ.

ಹೋದ ವರ್ಷದ ಎಳ್ಳಮಾವಾಸ್ಯೆಗೆ ನಾವೆಲ್ಲ ಯರಗುಪ್ಪಿಯ ಮಾವನವರ ಮನೆಯಲ್ಲಿ ಸೇರಿದ್ದೆವು. ಆ ದಿನ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕುಳಿತು ಉಂಡು ಬರುವುದು ನಮ್ಮಲ್ಲಿ ನಡೆದು ಬಂದದ್ದು. ಊಟದ ಬುಟ್ಟಿಗಳೆಲ್ಲ ಕಟ್ಟಿ ಸಿದ್ಧವಾಗಿದ್ದವು. ಅಷ್ಟರಲ್ಲಿ ಬಂತು ಶಿವಾನಂದನ ಹೊಸ ಗಾಡಿ. ದೊಡ್ಡ ಎಸ್‌ಯುವಿ, ಕರಿ ಬಣ್ಣ. ಬಾಗಿಲು ತೆರೆದರೆ ಕೆಳಗಿನಿಂದ ಒಂದು ಮೆಟ್ಟಿಲು ತಾನಾಗಿಯೇ ಹೊರಗೆ ಬರುತ್ತಿತ್ತು. ಮಾವನವರು ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅದರ ಸುತ್ತ ಒಂದು ಸುತ್ತು ಹಾಕಿದರು. ಅತ್ತೆಯವರು ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿ, ಮುಂದಿನ ಸೀಟಿನಲ್ಲಿ ಕುಳಿತು, ಕಿಟಕಿಯಿಂದ ನನ್ನನ್ನು ನೋಡಿ ಹೇಳಿದರು:

"ಅಳಿಯಂದ್ರ, ಬುಟ್ಟಿ ನಿಮ್ಮ ಗಾಡ್ಯಾಗ ಇಟ್ಕೊಂಡು ಬರ್ರಿ. ಇವರದು ಹೊಸಾದು. ಎಣಗಾಯಿ ರಸಾ ಚೆಲ್ಲಿದ್ರ ಹೆಂಗ?"

ನಾನು ಹಿರಿಯ ಅಳಿಯ. ಹತ್ತೊಂಬತ್ತು ವರ್ಷದಿಂದ ಹಿರಿಯ ಅಳಿಯ. ಆ ಮನೆಯ ಬೋರಿಗೆ ಮೂರು ಸಲ ಪುಕ್ಕಟೆ ಮೋಟಾರು ಕಟ್ಟಿಕೊಟ್ಟವನು. ಅವತ್ತು ಸಜ್ಜಿ ರೊಟ್ಟಿಯ ಬುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಣಗಾಯಿಯನ್ನು ಹಿಂದೆ ಮಲಗಿಸಿಕೊಂಡು, ಶಿವಾನಂದನ ಗಾಡಿಯ ಧೂಳು ನುಂಗುತ್ತ ಹೊಲಕ್ಕೆ ಹೋದೆ. ನನ್ನ ಹಳೇ ಕಾರಿನಲ್ಲಿ ಬದನೆಕಾಯಿ ವಾಸನೆ ಶಿವರಾತ್ರಿಯವರೆಗೂ ಇತ್ತು. ಹೊಟ್ಟೆಯ ಉರಿ ಅದಕ್ಕಿಂತ ಹೆಚ್ಚು ದಿನ ಇತ್ತು.

ಯುಗಾದಿ ಮುಗಿಯುತ್ತಲೇ ಗಿರಿಜಾಳ ತಮ್ಮ ಮಲ್ಲುವಿಗೆ ಕಲಘಟಗಿ ಆಚೆಯ ದೇವಿಕೊಪ್ಪದಲ್ಲಿ ಹೆಣ್ಣು ಗೊತ್ತಾಯಿತು. ನಿಶ್ಚಯಕ್ಕೆ ಯರಗುಪ್ಪಿಯಿಂದ ಎರಡು ಗಾಡಿ ಹೋಗಬೇಕು. ಮುಂದಿನ ಗಾಡಿಯಲ್ಲಿ, ಹುಡುಗಿಗೆ ಉಡಿ ತುಂಬುವ ಹರಿವಾಣವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆಯವರು ಕೂರುತ್ತಾರೆ. ಆ ಮುಂದಿನ ಗಾಡಿ ಯಾರದು? ನನ್ನ ಜೀವನದ ಏಕೈಕ ಪ್ರಶ್ನೆ ಆಗ ಇದಾಗಿತ್ತು.

ಅಂಥ ಗಾಡಿ ಕೊಳ್ಳುವುದು ನನ್ನಿಂದಾಗದ ಮಾತು. ಆದರೆ ಹುಬ್ಬಳ್ಳಿಯಲ್ಲಿ ಅವನ್ನು ತಿಂಗಳ ಲೀಸಿಗೆ ಕೊಡುತ್ತಾರೆಂದು ಗಿರಾಕಿಯೊಬ್ಬ ಹೇಳಿದ. ಲೀಸ್ ಅಂದರೆ ನಮ್ಮ ಕಡೆ ಹೊಲ ಲಾವಣಿಗೆ ಹಿಡಿಯುತ್ತಾರಲ್ಲ, ಅದೇ ತಾನೆ? ಬೇರೆಯವರ ಹೊಲದಲ್ಲಿ ಒಂದು ಪೀಕು ಬೆಳೆದುಕೊಂಡು ಹೊಲವನ್ನು ಮಾಲಕನಿಗೆ ಒಪ್ಪಿಸುವುದು. ನಾನು ಒಂದು ತಿಂಗಳು ಮರ್ಯಾದೆ ಬೆಳೆದುಕೊಂಡು ಕಾರು ಒಪ್ಪಿಸುವುದು.

"ನಮ್ಮ ಗಾಡಿಗೆ ಏನಾಗೇತ್ರಿ?" ಎಂದಳು ಗಿರಿಜಾ.

"ಏನೂ ಆಗವಲ್ದು. ಅದ ತ್ರಾಸ ನೋಡು."

"ನಿಮಗ ಕಾರ ಬೇಕಾಗಿಲ್ಲ. ಶಿವಾನಂದರ ಮಾರಿ ಸಣ್ಣದಾಗೂದು ಬೇಕಾಗೇತಿ."

ಇಷ್ಟು ಸ್ಪಷ್ಟವಾಗಿ ನನಗೇ ಗೊತ್ತಿರಲಿಲ್ಲ.

ಹುಬ್ಬಳ್ಳಿಯ ಆಫೀಸಿನಲ್ಲಿ ಟೈ ಕಟ್ಟಿದ ಮ್ಯಾನೇಜರು ಒಂದು ತಾಸು ಗಾಡಿಯ ಪುರಾಣ ಹೇಳಿದರು. "ಸರ, ಮುಂದಿನ ಜಾಳಗ್ಯಾಗ ಸೆನ್ಸರ್ ಐತ್ರಿ. ಎದುರಿಗೆ ಏನರ ಬಂದ್ರ ಗಾಡಿ ತಾನ ಬ್ರೇಕ್ ಹಾಕ್ಕೋತೈತಿ. ಆ ಜಾಗಾ ಮಾತ್ರ ಸ್ವಚ್ಛ ಇಡ್ರಿ."

"ನಾ ಇಪ್ಪತ್ತ ವರ್ಷ ಮೋಟಾರ ಬಿಚ್ಚಿದಾಂವ ಅದೇನಿ," ಎಂದೆ. ಆ ಹೊತ್ತಿಗೆ ನಾನು ಬಗ್ಗಿ, ಈ ಗಾಡಿಯ ಮೆಟ್ಟಿಲು ಶಿವಾನಂದನದಕ್ಕಿಂತ ಅಗಲವಿದೆಯೇ ಎಂದು ಗೇಣು ಹಾಕಿ ನೋಡುತ್ತಿದ್ದೆ. ಎರಡು ಬೆರಳು ಹೆಚ್ಚೇ ಅಗಲವಿತ್ತು. ಸಹಿ ಮಾಡಿದೆ. ಅಲ್ಲಿಂದಲೇ ಯರಗುಪ್ಪಿಗೆ ಫೋನು ಮಾಡಿ, ಹೊಸ ಗಾಡಿ ಖರೀದಿ ಮಾಡಿದೆನೆಂದು ಹೇಳಿಬಿಟ್ಟೆ.

ಮನೆಗೆ ತಂದು ನಿಲ್ಲಿಸಿದ ಮೇಲೆ ಕಣ್ಣಿಗೆ ಬಿತ್ತು. ನಂಬರ್ ಪ್ಲೇಟು ಕಪ್ಪು, ಅದರ ಮೇಲೆ ಹಳದಿ ಅಕ್ಷರ. ಸ್ವಂತದ ಗಾಡಿಗೆ ಬಿಳಿ ಪ್ಲೇಟು, ಹೀಗೆ ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು. ಇದು ಕುಂದಗೋಳದ ಆಡು ಕುರಿಗೂ ಗೊತ್ತಿರುವ ಸಂಗತಿ.

ನಾನು ಧೃತಿಗೆಡಲಿಲ್ಲ. ಹೊಸ ಗಾಡಿಗೆ ಪೂಜೆ ಮಾಡಿ ಹಾರ ಹಾಕಿದರೆ ಯಾರಾದರೂ ತಪ್ಪು ಹುಡುಕುತ್ತಾರೆಯೇ? ನಿಶ್ಚಯದ ದಿನ ಬೆಳಿಗ್ಗೆ ತೊಡೆಯ ಗಾತ್ರದ ಚೆಂಡುಹೂವಿನ ಹಾರ ತಂದೆ. ಬಾನೆಟ್ಟಿನ ಕೆಳಗಿನ ಜಾಳಿಗೆಯಿಂದ ಪ್ಲೇಟಿನ ಕೆಳಗಿನವರೆಗೂ ಮೂರು ಸುತ್ತು ಹಾಕಿದೆ. ಹೂವು ಮಾರುವವಳು ಯಾವ ಮಂತ್ರಿ ಬರುತ್ತಾರೆಂದು ಕೇಳಿದ್ದಳು. ಹಿಂದಿನ ಪ್ಲೇಟಿಗೆ ಮಾವಿನೆಲೆಯ ತೋರಣ. ಶಿವಾನಂದನ ನೆದರು ತಾಗಬಾರದೆಂದು ಅದರ ಪಕ್ಕಕ್ಕೆ ನನ್ನದೇ ಒಂದು ಹಳೇ ಚಪ್ಪಲಿ ಕಟ್ಟಿದೆ. ಲೋಕದಲ್ಲಿ ಹೊಟ್ಟೆಕಿಚ್ಚಿನ ಜನ ಬಹಳ, ನಮ್ಮ ಎಚ್ಚರದಲ್ಲಿ ನಾವಿರಬೇಕು.

ಯರಗುಪ್ಪಿಯಲ್ಲಿ ಎಲ್ಲವೂ ನಾನು ಕನಸು ಕಂಡ ಹಾಗೆಯೇ ನಡೆಯಿತು. ಮಾವನವರು ಒಂದು ಸುತ್ತು ಹಾಕಿದರು. ಅತ್ತೆಯವರು ಹರಿವಾಣ ಹಿಡಿದು ನನ್ನ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತರು. ಮಾವ, ಮಲ್ಲು, ಗಿರಿಜಾ ಹಿಂದೆ. ಶಿವಾನಂದ ನಗುತ್ತ ಬಂದು, "ಅಗದಿ ಛಲೋ ಗಾಡಿ ತಗೊಂಡ್ರಿ ಅಣ್ಣಾರ," ಎಂದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ. ಸಿಗಲಿಲ್ಲ. ಬಹಳ ಒಳಗೆ ಇಟ್ಟುಕೊಂಡಿದ್ದಾನೆ ಎಂದುಕೊಂಡೆ.

ಗಾಡಿ ಹೊರಳಿಸಲು ರಿವರ್ಸ್ ಹಾಕಿದೆ. ಎದುರಿನ ಕ್ಯಾಮೆರಾ ಪರದೆಯ ತುಂಬ ಏನೋ ಕಂದು ಬಣ್ಣದ್ದು ತೂಗಾಡತೊಡಗಿತು. ಗಾಡಿ ಕೀ ಕೀ ಎಂದು ಹೊಡೆದುಕೊಂಡಿತು.

ಅತ್ತೆಯವರು ಕಣ್ಣು ಕಿರಿದು ಮಾಡಿ ನೋಡಿದರು. "ಅಳಿಯಂದ್ರ, ಈ ಟೀವ್ಯಾಗ ನಿಮ್ಮ ಚಪ್ಪಲಿ ಬರಾಕತ್ತೇತಲ್ರಿ?"

"ಅದು ನೆದರ ಆಗಬಾರದಂತ್ರಿ."

"ನೋಡಿದವರ ಕಣ್ಣಾಗ ಬೀಳೂವಷ್ಟ ಹರದೈತಿ," ಎಂದಳು ಹಿಂದಿನಿಂದ ಗಿರಿಜಾ.

ಊರು ದಾಟಿ ಸ್ವಲ್ಪ ವೇಗ ಹಿಡಿಯುವಷ್ಟರಲ್ಲಿ ಗಾಡಿ ತಾನಾಗಿಯೇ ಗಕ್ಕನೆ ಬ್ರೇಕ್ ಹಾಕಿತು. ಹರಿವಾಣದ ತೆಂಗಿನಕಾಯಿ ಉರುಳಿ ನನ್ನ ಕಾಲಿನ ಕೆಳಗೆ ಬಂತು.

"ಏನಾತ್ರಿ?" ಎಂದರು ಅತ್ತೆ.

"ನಾಯಿ ಅಡ್ಡ ಬಂತ್ರಿ."

"ಎಲ್ಲೈತ್ರಿ?"

"ಹೋತ್ರಿ."

ಎರಡು ಮೈಲು ಹೋಗಿಲ್ಲ, ಮತ್ತೆ ಬ್ರೇಕು. ಈ ಸಲ ಉಡಿ ಅಕ್ಕಿ ಅತ್ತೆಯವರ ಇಳಕಲ್ ಸೀರೆಯ ಮೇಲೆ. "ಕೋಳಿರಿ," ಎಂದೆ. ಆಮೇಲೆ ಬೆಕ್ಕು, ಎಮ್ಮೆಕರು, ಮುಂಗುಸಿ. ಹುಬ್ಬಳ್ಳಿ ದಾಟುವಷ್ಟರಲ್ಲಿ ನನ್ನ ಹತ್ತಿರ ಪ್ರಾಣಿಗಳು ಮುಗಿದಿದ್ದವು. ಮಾವನವರು ಎದುರಿನ ಸೀಟನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದರು.

ಕಲಘಟಗಿ ದಾಟಿದ ಮೇಲೆ ಗಾಡಿ ನಿಂತೇ ಬಿಟ್ಟಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಕೆಂಪಗೆ ಬಂತು. ಮಲ್ಲು ಓದಿದ. "ಮಾಮಾ, ಮುಂದ ಏನೋ ಅಡ್ಡ ಐತಿ, ತಗೀರಿ ಅಂತೈತಿ."

ಇಳಿದು ರಸ್ತೆಯಲ್ಲಿ ಐವತ್ತು ಹೆಜ್ಜೆ ಮುಂದೆ ಹೋಗಿ ನೋಡಿದೆ. ನಿಂಬೆಹಣ್ಣಿನಷ್ಟು ಒಂದು ಕಲ್ಲು ಬಿದ್ದಿತ್ತು. ಅದನ್ನು ಎತ್ತಿ ಗಟಾರಕ್ಕೆ ಎಸೆದು ಬಂದು ಗಾಡಿ ಹತ್ತಿದೆ. ಎರಡು ಮೊಳ ಸರಿದು ಮತ್ತೆ ನಿಂತಿತು.

ಆಗ ನನ್ನೊಳಗಿನ ಮೆಕ್ಯಾನಿಕ್ ಎದ್ದ. ಬಾನೆಟ್ ಎತ್ತಿದೆ. ಒಳಗೆ ಒಂದು ಕರಿ ಪ್ಲಾಸ್ಟಿಕ್ ಮುಚ್ಚಳ. ಅದನ್ನು ತೆಗೆದರೆ ಕೆಳಗೆ ಇನ್ನೊಂದು ಮುಚ್ಚಳ. ಹನ್ನೆರಡು ಹಳ್ಳಿಯ ಮೋಟಾರು ಬಿಚ್ಚಿದವನಿಗೆ ಈ ಮೋಟಾರು ಮಾರಿ ಸಹ ತೋರಿಸಲಿಲ್ಲ. ಹಟಮಾರಿ ಸ್ಟಾರ್ಟರುಗಳಿಗೆ ನಟ್ಟು ಬಿಚ್ಚುವ ಪಾನಾದಿಂದ ಎರಡು ಏಟು ಕೊಡುವುದು ನಮ್ಮ ಪದ್ಧತಿ. ಇಲ್ಲಿಯೂ ಕೊಟ್ಟೆ. ಗಾಡಿ ನಾಲ್ಕೂ ದೀಪ ಮಿಣುಕಿಸುತ್ತ, ಮನೆಗೆ ಕಳ್ಳ ನುಗ್ಗಿದವರ ಹಾಗೆ ಬೊಬ್ಬೆ ಹಾಕತೊಡಗಿತು. ಹೊಲದಲ್ಲಿದ್ದವರು ಓಡಿ ಬಂದು ಸಾಲಾಗಿ ನಿಂತರು.

ಹಿಂದಿನ ಗಾಡಿಯಿಂದ ಶಿವಾನಂದ ಇಳಿದು ಬಂದ. ಒಂದೇ ಒಂದು ಸಲ ಗಾಡಿಯ ಮುಂಭಾಗ ನೋಡಿದ.

"ಅಣ್ಣಾರ, ಹಾರ ತಗೀರಿ. ಸೆನ್ಸರಿನ ಮ್ಯಾಲ ಕುಂತೈತಿ. ಗಾಳಿಗೆ ಅಳ್ಳಾಡಿದಾಗೊಮ್ಮೆ ಯಾರೋ ಎದುರಿಗೆ ಬಂದ್ರು ಅಂತ ತಿಳಕೋತೈತಿ. ನಾನೂ ಮೊದಲ ದಿನ ಹಿಂಗ ಹಾರ ಹಾಕಿ ಅಣ್ಣಿಗೇರಿ ಬಜಾರದಾಗ ಎರಡ ತಾಸು ನಿಂತಿದ್ದೆ."

ಮ್ಯಾನೇಜರು ಹೇಳಿದ ಜಾಳಿಗೆಯ ಮಾತು ಆಗ ನೆನಪಾಯಿತು. ನನಗೆ ತಿಳಿಯಿತು. ತಿಳಿದರೂ, "ದೇವರ ಹಾರ. ತಗೀಬಾರದು," ಎಂದೆ.

"ಬ್ಯಾರೆ ಕಡೆ ಕಟ್ಟೂಣ್ರಿ."

"ಐನೋರು ಮಂತ್ರಾ ಹೇಳಿ ಹಾಕ್ಯಾರ."

"ಹನ್ನೆರಡಕ್ಕ ಮುಹೂರ್ತ ಐತ್ರಿ ಅಣ್ಣಾರ."

"ಮುಹೂರ್ತ ನಿಲ್ಲತೈತಿ."

ನಾನು ಹಾರಕ್ಕೆ ಅಡ್ಡಲಾಗಿ, ಎರಡೂ ಕೈ ಚಾಚಿ ನಿಂತಿದ್ದೆ. ಭಕ್ತಿಯಲ್ಲಿ ನನ್ನನ್ನು ಮೀರಿಸಿದವರು ಆ ದಿನ ತಾಲೂಕಿನಲ್ಲಿ ಯಾರೂ ಇರಲಿಕ್ಕಿಲ್ಲ. ಗಿರಿಜಾ ಮಾತ್ರ ಸುಮ್ಮನೆ ಬೇರೆ ಕಡೆ ನೋಡುತ್ತಿದ್ದಳು, ಹಾರದ ಹಿಂದೆ ಏನಿದೆಯೆಂದು ಅವಳಿಗೆ ಗೊತ್ತಿತ್ತಲ್ಲ.

ಕೊನೆಗೆ ಅತ್ತೆಯವರೇ ಇಳಿದು ಬಂದರು. "ಸರೀರಿ ಅಳಿಯಂದ್ರ. ಹಾರ ತಗದ್ರ ದೇವರು ಏನೂ ಅನ್ನೂದಿಲ್ಲ. ಹೊತ್ತ ಮೀರಿದ್ರ ಬೀಗರು ಅಂತಾರ." ಅತ್ತೆಯವರನ್ನು ತಳ್ಳಲು ಬರುತ್ತದೆಯೇ? ಅವರು ಹಾರ ಬಿಚ್ಚಿ, ಕಣ್ಣಿಗೆ ಒತ್ತಿಕೊಂಡು, ಪಕ್ಕದ ಬೇವಿನ ಗಿಡಕ್ಕೆ ಹಾಕಿದರು.

ಕಪ್ಪು ಪ್ಲೇಟು ಬಿಸಿಲಿಗೆ ಹೊಳೆಯಿತು. ಹಳದಿ ಅಕ್ಷರಗಳು ಕಲಘಟಗಿಯವರೆಗೂ ಕಾಣಿಸುತ್ತಿದ್ದವು.

ಮಲ್ಲು ಬಾಯಿ ತೆರೆದ. "ಮಾಮಾ, ಇದು ಬಾಡಿಗಿ..." ಗಿರಿಜಾ ಅವನ ಕಾಲು ತುಳಿದಳು. ಮಾವನವರು ಆಕಾಶದಲ್ಲಿ ಮೋಡ ಹುಡುಕಿದರು. ಶಿವಾನಂದ ಏನೂ ಕಾಣದವನಂತೆ ಪಾನಾ ಒರೆಸಿ ನನ್ನ ಕೈಗೆ ಕೊಟ್ಟ. ಅತ್ತೆಯವರು, "ಕುಂಡ್ರಿ, ಹೋಗೂಣು," ಎಂದಷ್ಟೇ ಹೇಳಿ ಗಾಡಿ ಹತ್ತಿದರು. ಯಾರ ಮುಖವನ್ನೂ ನೋಡದೆ ಪಾನಾ ಸೀಟಿನ ಕೆಳಗೆ ತುರುಕಿ ಸ್ಟೇರಿಂಗ್ ಹಿಡಿದೆ. ಗಾಡಿ ಮಾತ್ರ ದೇವಿಕೊಪ್ಪದವರೆಗೆ ಬೆಣ್ಣೆಯ ಹಾಗೆ ಹೋಯಿತು.

ಅಲ್ಲಿ ಬೀಗರು ಅಂಗಳದಲ್ಲಿ ಕಾಯುತ್ತಿದ್ದರು. ನಾನು ಲಗುಬಗೆಯಿಂದ ಇಳಿದು ಅತ್ತೆಯವರಿಗೆ ಬಾಗಿಲು ತೆರೆದೆ. ಹೆಣ್ಣಿನ ಕಾಕಾ ಪ್ಲೇಟು ನೋಡಿದರು, ಬಾಗಿಲು ಹಿಡಿದ ನನ್ನನ್ನು ನೋಡಿದರು. "ಡ್ರೈವರ್ರ, ಗಾಡಿ ಆ ಬಾಜೂಕ ಹಚ್ಚಿರಿ. ನಿಮ್ಮ ಊಟದ ವ್ಯವಸ್ಥಾ ಹಿತ್ತಲದಾಗ ಐತಿ."

ನಾನು ಹಿರಿಯ ಅಳಿಯ ಎಂದು ಹೇಳಬಹುದಿತ್ತು. ಹೇಳಿದರೆ ಗಾಡಿ ಯಾರದು ಎಂಬ ಮಾತು ಬರುತ್ತದೆ. ಸುಮ್ಮನೆ ಹಿತ್ತಲಿಗೆ ಹೋಗಿ ಟ್ರ್ಯಾಕ್ಟರು, ಟೆಂಪೊ ಡ್ರೈವರುಗಳ ಪಂಕ್ತಿಯಲ್ಲಿ ಕುಳಿತೆ. ಹೋಳಿಗೆ ಚೆನ್ನಾಗಿತ್ತು. ಎರಡನೆಯದನ್ನು ಮುರಿಯುವಾಗ ಶಿವಾನಂದ ಹುಡುಕುತ್ತ ಬಂದ.

"ಅಣ್ಣಾರ, ಇಲ್ಲಿ ಕುಂತೀರೇನ್ರಿ? ಹರಿವಾಣ ಹಿರೇ ಅಳಿಯನ ಕೈಯಾಗ ಕೊಡಬೇಕಂತ ಅತ್ತಿ ಅಲ್ಲೇ ನಿಂತ ಬಿಟ್ಟಾರ."

ಕೈ ತೊಳೆಸಿ, ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಬೀಗರೆದುರು ಗಟ್ಟಿಯಾಗಿ ಹೇಳಿದ: "ಇವರು ನಮ್ಮ ಹಿರೇ ಅಳಿಯಂದ್ರು." ಅಲ್ಲಿಯವರೆಗೆ ನನಗೆ ಅವನ ಗಾಡಿಯ ಮೇಲಷ್ಟೇ ಹೊಟ್ಟೆಕಿಚ್ಚಿತ್ತು. ಆ ಕ್ಷಣದಿಂದ ಅವನ ಒಳ್ಳೆಯತನದ ಮೇಲೂ ಶುರುವಾಯಿತು.

ಮರಳಿ ಬರುವಾಗ ಅತ್ತೆಯವರು ಮೆಲ್ಲಗೆ ಹೇಳಿದರು. "ಒಂದ ಮಾತ ಹೇಳ್ಲೇನ್ರಿ? ಈ ದೊಡ್ಡ ಗಾಡ್ಯಾಗ ಕಿಟಕಿ ಹಾಕಿ ಎಸಿ ಬಿಟ್ರ ನನಗ ಹೊಟ್ಟಿ ತೊಳಸ್ತೈತಿ. ಶಿವಾನಂದರ ಗಾಡ್ಯಾಗೂ ಅಷ್ಟ. ನಿಮ್ಮ ಹಳೇ ಗಾಡಿನ ಛಲೋ, ಗಾಳಿ ಬರತೈತಿ. ಅದನ್ನ ತರಬೇಕಿತ್ತು."

ಮಾರನೆಯ ದಿನವೇ ಗಾಡಿಯನ್ನು ಹುಬ್ಬಳ್ಳಿಗೆ ಒಪ್ಪಿಸಿ ಬಂದೆ. ತಿಂಗಳಿನಲ್ಲಿ ಇನ್ನೂ ಬಹಳ ದಿನ ಉಳಿದಿದ್ದವು. ಚಪ್ಪಲಿ ಬಿಚ್ಚಲು ಮರೆತಿದ್ದೆ, ಮ್ಯಾನೇಜರು ಅದನ್ನು ಕವರಿನಲ್ಲಿ ಹಾಕಿ ಕೊಟ್ಟರು.

ಈ ಸಲದ ಎಳ್ಳಮಾವಾಸ್ಯೆಗೆ ನನ್ನಷ್ಟು ನಿಶ್ಚಿಂತ ಮನುಷ್ಯ ಯಾರೂ ಇರಲಿಲ್ಲ. ಹಳೇ ಕಾರು ತೊಳೆದು, ನಾಲ್ಕೂ ಕಿಟಕಿ ಇಳಿಸಿ, ಮುಂದಿನ ಸೀಟಿಗೆ ಮೆತ್ತನೆಯ ಕೌದಿ ಹಾಸಿ, ಯರಗುಪ್ಪಿಯ ಮನೆಯ ಬಾಗಿಲಿಗೆ ಹಚ್ಚಿದ್ದೆ. ಅತ್ತೆಯವರು ಹೊರಗೆ ಬಂದರು. ಕಾರಿನತ್ತ ಎರಡು ಹೆಜ್ಜೆ ಇಟ್ಟರು. ಆಗ ಓಣಿಯ ತುದಿಯಿಂದ ಗೆಜ್ಜೆಯ ಸದ್ದು ಕೇಳಿಸಿತು.

ಕೋಡಿಗೆ ಬಣ್ಣ ಹಚ್ಚಿದ, ಕೊರಳಲ್ಲಿ ಗೆಜ್ಜೆಸರ ಹಾಕಿದ ಎರಡು ಎತ್ತು. ಹಿಂದೆ ಚಕ್ಕಡಿ. ಅದರಲ್ಲಿ ಹುಲ್ಲು ಹಾಸಿ, ಜಮಖಾನೆ ಹೊದಿಸಿ, ಹಗ್ಗ ಹಿಡಿದು ಶಿವಾನಂದ ಕುಳಿತಿದ್ದ.

"ಅತ್ತ್ಯಾರಿಗೆ ಗಾಡ್ಯಾಗ ಹೊಟ್ಟಿ ತೊಳಸ್ತೈತಂತ ಸುಮಾ ಹೇಳಿದ್ಲು. ಅದಕ್ಕ ಚಕ್ಕಡಿ ಹೂಡಿಸ್ಕೊಂಡು ಬಂದೇನ್ರಿ."

ಅತ್ತೆಯವರು ಹೊಸ ಮದುಮಗಳ ಹಾಗೆ ನಗುತ್ತ ಚಕ್ಕಡಿ ಏರಿದರು. ಜಮಖಾನೆಯ ಮೇಲೆ ಸರಿಯಾಗಿ ಕುಳಿತ ಮೇಲೆ ನನ್ನ ಕಡೆ ತಿರುಗಿದರು. ಏನು ಹೇಳುತ್ತಾರೆಂದು ನನಗೆ ಆಗಲೇ ಗೊತ್ತಾಗಿತ್ತು.

"ಅಳಿಯಂದ್ರ, ಬುಟ್ಟಿ ನಿಮ್ಮ ಗಾಡ್ಯಾಗ ಇಟ್ಕೊಂಡು ಬರ್ರಿ. ಚಕ್ಕಡ್ಯಾಗ ಅಳ್ಳಾಡಿ ಚೆಲ್ಲತಾವ."

ಕೌದಿಯ ಮೇಲೆ ರೊಟ್ಟಿಯ ಬುಟ್ಟಿ ಕುಳಿತಿತು. ಮೊದಲನೇ ಗೇರಿನಲ್ಲಿ, ಎತ್ತಿನ ನಡಿಗೆಯಲ್ಲಿ, ಚಕ್ಕಡಿಯ ಹಿಂದೆ ಹೊರಟೆ. ಹಿಂದಿನ ಸೀಟಿನಲ್ಲಿ ಗಿರಿಜಾ ಎಣಗಾಯಿ ಪಾತ್ರೆಯನ್ನು ಹಿಡಿದುಕೊಂಡು ಕುಳಿತಿದ್ದಳು. ಅರ್ಧ ದಾರಿಯವರೆಗೆ ತಡೆದುಕೊಂಡೆ.

"ಗಿರಿಜಾ," ಎಂದೆ, "ನವಲಗುಂದದ ಕಡೆ ಎತ್ತು ಯಾರರ ಲಾವಣಿಗೆ ಕೊಡ್ತಾರೇನ?"

ಅವಳು ಪಾತ್ರೆಯಿಂದ ಕೈ ತೆಗೆದಳು, ಅಷ್ಟೆ. ಈ ಸಲ ವಾಸನೆ ಯುಗಾದಿಯವರೆಗೂ ಇತ್ತು.