ಪಂಜರದ ಸರಳಿಗೆ ಬೆಳ್ಳುಳ್ಳಿ

ನೆಲಿದಾ: ಮೊನ್ನೆ ಸರಳಿಗೆ ಉಪ್ಪುನೀರು ಒರೆಸು ಅಂದ್ರಿ, ಒರೆಸಿದೆ. ನಿನ್ನೆ ಬೆಳ್ಳುಳ್ಳಿ ಹಚ್ಚು ಅಂದ್ರಿ, ಹಚ್ಚಿದೆ. ಇವತ್ತು ಮೆಣಸಿನಕಾಯಿ ಅರೆದು ತಂದಿದ್ದೀರ. ಅತ್ತೆ, ಇವು ಪಂಜರ ಕಡಿಯೋದನ್ನ ಬಿಡಿಸ್ತಿದ್ದೀರೋ, ಇವನ್ನ ಮಸಾಲೇಲಿ ನೆನೆಸ್ತಿದ್ದೀರೋ?

ಅಮ್ಮ: ರೂಢಿ ಕಣೇ. ಗಿನಿಹಂದಿ ಕಂಡ್ರೆ ಕೈ ತಾನಾಗೇ ಬೆಳ್ಳುಳ್ಳಿ ಕಡೆ ಹೋಗುತ್ತೆ.

ಅಮ್ಮ ಹಳ್ಳಿಯಿಂದ ಕುಸ್ಕೋ ಪೇಟೆಯ ನಮ್ಮ ಮನೆಗೆ ಬಂದು ವಾರವಾಗಿತ್ತು. ಹೊಸ ವರ್ಷಕ್ಕೆ ತಾನು ಕಳಿಸಿದ, ಮೊಲದ ಮರಿಯಷ್ಟಿರುವ ಗಿನಿಹಂದಿಗಳ ಜೋಡಿಯನ್ನು ಮಗ ಸೊಸೆ ಹುರಿದು ತಿಂದಿರುತ್ತಾರೆ ಎಂದು ಅವಳು ನಂಬಿದ್ದಳು. ನನ್ನ ಹೆಂಡತಿ ನೆಲಿದಾಳೋ ಅವಕ್ಕೆ ತಂತಿಪಂಜರ ಕೊಂಡು, ರಾಜಕುಮಾರಿ, ದಾಲ್ಚಿನ್ನಿ ಎಂದು ಹೆಸರಿಟ್ಟು ಮುದ್ದು ಮಾಡುತ್ತಿದ್ದಳು. ಉಪ್ಪು, ಬೆಳ್ಳುಳ್ಳಿ ಬಿದ್ದ ಮೇಲೆ ಅವೆರಡೂ ಸರಳನ್ನು ಇನ್ನಷ್ಟು ರುಚಿಯಿಂದ ಕಡಿಯತೊಡಗಿದ್ದವು. ಭಾನುವಾರ ನನ್ನ ಧರ್ಮಪಿತ ದೊನ್ ಫಾವುಸ್ತಿನೊ ಊಟಕ್ಕೆ ಬರುವವರಿದ್ದರು. ಧರ್ಮಪಿತನ ತಟ್ಟೆಯಲ್ಲಿ ಇಡೀ ಗಿನಿಹಂದಿ ಇಲ್ಲದಿದ್ದರೆ ನಮ್ಮವರು ಅದನ್ನು ಊಟ ಎನ್ನುವುದಿಲ್ಲ, ಅವಮಾನ ಎನ್ನುತ್ತಾರೆ.

ಅಮ್ಮ: ಊಟಕ್ಕೆ ಯಾರಾದ್ರೂ ಹೆಸರಿಡ್ತಾರೇನೇ?

ನೆಲಿದಾ: ಅವು ಊಟ ಅಲ್ಲ. ಭಾನುವಾರ ಕೋಳಿ ಮಾಡ್ತೀನಿ.

ಅಮ್ಮ: ನಿನ್ನ ಗಂಡನ್ನ ಹೆಸರಿಡೋ ದಿನ ಚರ್ಚಲ್ಲಿ ಎತ್ಕೊಂಡು ನಿಂತವರಿಗೆ ಕೋಳಿ. ನಾನು ಮುಖ ಎಲ್ಲಿಟ್ಕೊಳ್ಳಲಿ?

ನಾನು: ಮೊದಲು ಕಡಿಯೋದು ನಿಲ್ಲಲಮ್ಮಾ. ಹಲ್ಲು ಮುರ್ಕೊಂಡಾವು.

ಅಮ್ಮ: ನಿನ್ನನ್ನ ತಂತಿಯೊಳಗೆ ಕೂಡಿಹಾಕಿದ್ರೆ ನೀನೂ ಕಡೀತಿದ್ದೆ. ನಮ್ಮನೇಲಿ ಒಲೆ ಸುತ್ತ ಓಡಾಡ್ಕೊಂಡಿರ್ತವೆ, ಯಾವತ್ತಾದ್ರೂ ಏನಾದ್ರೂ ಕಡಿದಿದ್ದಾವಾ? ಅಡುಗೆಮನೇಲಿ ಬಿಡಿ.

ನೆಲಿದಾ: ಒಲೆ ಹತ್ರ. ಚಾಕು ಹತ್ರ. ನಿಮ್ಮ ಹತ್ರ.

ಅಮ್ಮ ಎದ್ದಳು. ಗಿನಿಹಂದಿಗಳೆರಡನ್ನೂ ಅಡುಗೆಮನೆಗೆ ಬಿಟ್ಟು, ಮನೆಯಲ್ಲಿದ್ದ ಒಂದೇ ಚಾಕುವನ್ನು ಪಂಜರದೊಳಗಿಟ್ಟು ಬೀಗ ಹಾಕಿ, ಬೀಗದಕೈಯನ್ನು ಸೊಸೆಗೆ ಕೊಟ್ಟಳು.

ಅಮ್ಮ: ತಗೋ. ಇನ್ನು ಈ ಚಾಕುನ ಸಾಕ್ಕೋ, ತಂಟೆ ಮಾಡಲ್ಲ.

ಅಂದಿನಿಂದ ಕಡಿಯುವ ಸದ್ದು ಕೇಳಲಿಲ್ಲ. ಅಮ್ಮ ಒಲೆಯ ಮುಂದೆ ಕೂತು, ಬೆಂದ ಆಲೂಗಡ್ಡೆಯನ್ನು ಉಗುರಿನಲ್ಲೇ ಸುಲಿದು ಸಿಪ್ಪೆ ಹಾಕುವಳು; ಅವು ತಿಂದು ಅವಳ ಲಂಗದ ನೆರಿಗೆಯಲ್ಲಿ ಮಲಗುವವು. ಸೊಸೆಯ ಮೇಲಿನ ದೂರುಗಳನ್ನೆಲ್ಲ ಅವಳು ಅವಕ್ಕೇ ಹೇಳುತ್ತಿದ್ದುದರಿಂದ ನನಗೂ ಸುಖವಾಯಿತು. ನೆಲಿದಾ ಮಾತ್ರ ಬೀಗದಕೈಯನ್ನು ಕೊರಳಿಗೆ ಕಟ್ಟಿಕೊಂಡೇ ತಿರುಗುತ್ತಿದ್ದಳು.

ಭಾನುವಾರ ದೊನ್ ಫಾವುಸ್ತಿನೊ ಬಂದರು. ಅವರ ಕೈಯಲ್ಲಿದ್ದ ಚೀಲ ಮಿಸುಕಾಡುತ್ತಿತ್ತು.

ಫಾವುಸ್ತಿನೊ: ಪೇಟೆ ಮನೆ, ಇರುತ್ತೋ ಇಲ್ವೋ ಅಂತ ನಾನೇ ಒಂದು ಗಿನಿಹಂದಿ ಹಿಡ್ಕೊಂಡು ಬಂದೆ ತಾಯಿ. ಕೊಬ್ಬಿದ ಗಂಡು. ಎಲ್ಲಿ, ಚಾಕು ಕೊಡಮ್ಮ.

ತನ್ನ ಮುದ್ದಿನವು ಉಳಿದವಲ್ಲ ಎಂಬ ನೆಮ್ಮದಿಯಲ್ಲಿ ನೆಲಿದಾ ಕೊರಳಿನ ದಾರ ಬಿಚ್ಚಿಯೇಬಿಟ್ಟಳು. ಅಷ್ಟರಲ್ಲಿ ಅಮ್ಮ ಚೀಲದೊಳಗೆ ಕೈಹಾಕಿ, ಆ ಗಂಡು ಗಿನಿಹಂದಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿ ಸವರುತ್ತಿದ್ದಳು. ರಾಜಕುಮಾರಿ ಬಂದು ಅದನ್ನು ಮೂಸಿ ನೋಡಿತು.

ಅಮ್ಮ: ಚಾಕು ಅಲ್ಲೇ ಇರಲಿ ಕಣೇ.

ಫಾವುಸ್ತಿನೊ: ಯಾಕೆ ತಾಯಿ?

ಅಮ್ಮ: ಇದಕ್ಕೆ ಹೆಸರಿಟ್ಟಾಯ್ತು.

ನೆಲಿದಾ: ಊಟಕ್ಕೆ ಯಾರಾದ್ರೂ ಹೆಸರಿಡ್ತಾರಾ ಅತ್ತೆ?

ಫಾವುಸ್ತಿನೊ: ಈಗ ತಾನೇ ತಂದಿದ್ದೀನಿ, ಅದೇನು ಹೆಸರು?

ಅಮ್ಮ: ಫಾವುಸ್ತಿನೊ. ನಿಮ್ಮ ಮೇಲಿನ ಗೌರವಕ್ಕೇ ಇಟ್ಟದ್ದು. ಈಗ ನೀವೇ ಹೇಳಿ, ಹುರೀಲೋ, ಬೇಯಿಸ್ಲೋ?

ದೊನ್ ಫಾವುಸ್ತಿನೊ ತಮ್ಮ ಹೆಸರಿನವನನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಕೋಳಿ ಏನಾದರೂ ಇದೆಯೇ ಎಂದು ಕೇಳಿದರು.