ಎರಡು ಬೀಮು ಮುಗಿಯುವವರೆಗೆ

ಆಸ್ಪತ್ರೆಯ ನಮ್ಮ ಕೋಣೆಗೆ ನಗುತ್ತ ಬಂದವರನ್ನು ನಾನು ಈವರೆಗೆ ಕಂಡಿಲ್ಲ. ಆದರೆ ವಾರಕ್ಕೊಬ್ಬರಾದರೂ ನನ್ನನ್ನು ನಗಿಸಿ ಹೋಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಗುಪ್ತರೋಗದ ಭಯ ಹೊತ್ತು ಬಂದವರನ್ನು ಕೂಡಿಸಿ, ಯಾವ ಪರೀಕ್ಷೆ ಯಾವಾಗ ಮಾಡಿಸಬೇಕು, ಯಾವುದಕ್ಕೆ ಔಷಧ ಇದೆ ಎಂದು ತಿಳಿಸಿ ಹೇಳುವುದು ನನ್ನ ಕೆಲಸ.

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಬನಹಟ್ಟಿಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳು. ಸೀರೆಯ ಗಂಟಿಗೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳೇ ನನಗೆ ಓದು ಕಲಿಸಿದವು. ಹತ್ತನೇ ತರಗತಿಯನ್ನು ಎರಡು ಮಕ್ಕಳಾದ ಮೇಲೆ ಹೊರಗಿನಿಂದ ಕಟ್ಟಿ ಪಾಸಾದೆ. ಈ ರೋಗಗಳ ಬಗ್ಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿ, ಗೋಡೆಗೆ ಒಂದು ಪಟ್ಟಿ ಬರೆದು ಅಂಟಿಸಿದ್ದೇನೆ: ಗೊನೋರಿಯಾ ಕೆಲವೇ ದಿನಗಳಲ್ಲಿ ಪತ್ತೆಯಾಗುತ್ತದೆ. ಸಿಫಿಲಿಸ್ ರಕ್ತದಲ್ಲಿ ಕಾಣಲು ಮೂರರಿಂದ ಆರು ವಾರ ಬೇಕು, ಕೆಲವರಿಗೆ ಮೂರು ತಿಂಗಳು. ಎಚ್‌ಐವಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲೂ ಮೂರು ತಿಂಗಳು. ಮೊದಲಿನವೆರಡೂ ಪೂರ್ತಿ ವಾಸಿಯಾಗುತ್ತವೆ. ಎಚ್‌ಐವಿ ವಾಸಿಯಾಗದು, ಆದರೆ ದಿನವೂ ಗುಳಿಗೆ ನುಂಗಿದರೆ ಎಲ್ಲರಂತೆ ಬಾಳಬಹುದು.

ಹೊಸದಾಗಿ ಬಂದ ಡಾಕ್ಟರು ಕೆಂಪು ಪೆನ್ನು ಹಿಡಿದು ಈ ಪಟ್ಟಿಯನ್ನು ಓದಿದರು. ಓದಿ ಮುಗಿಸಿ ಪೆನ್ನನ್ನು ಸುಮ್ಮನೆ ಕಿಸೆಗೆ ಇಟ್ಟುಕೊಂಡರು. ಇದನ್ನು ನಾನು ವಿನಯದಿಂದ ಹೇಳುತ್ತಿಲ್ಲ.

ಮೊದಲು ನೋಂದಣಿ

ಹಿಪ್ಪರಗಿ ಕಡೆಯ ಕಬ್ಬು ಬೆಳೆಗಾರನೊಬ್ಬ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿದ್ದ.

"ಅಕ್ಕಾರ, ನಿನ್ನೆ ತಪ್ಪು ಮಾಡೀನ್ರಿ. ಇವತ್ತ ರಕ್ತ ತಗೊಂಡು ಎಲ್ಲಾ ನೋಡಿಬಿಡ್ರಿ."

"ನಿನ್ನೆ ಆಗಿದ್ದು ಇವತ್ತ ರಕ್ತದಾಗ ಕಾಣಂಗಿಲ್ಲೋ ತಮ್ಮಾ. ಮೊದಲ ಡಾಕ್ಟರನ್ನ ಕಾಣು, ಎಚ್‌ಐವಿ ಹತ್ತಬಾರದಂತ ಈಗಿಂದೀಗ ಶುರು ಮಾಡೋ ಗುಳಿಗಿ ಅದಾವು. ಪರೀಕ್ಷಾಕ್ಕ ಮಾತ್ರ ಕಾಯಬೇಕು. ಇವತ್ತ ಕಬ್ಬು ನಾಟಿ ಮಾಡಿ ನಾಳೆ ಕಡಿತೀಯೇನು?"

ಅವನು ಯೋಚಿಸಿದ. ನನ್ನ ಹೋಲಿಕೆ ತಲೆಗೆ ಹತ್ತಿತೆಂದು ನಾನು ಹಿಗ್ಗಿದೆ.

"ಇಲ್ರಿ, ಕಡಿಯಂಗಿಲ್ಲ," ಅಂದ. "ಆದ್ರ ನಾಟಿ ಮಾಡಿದ ಕೂಡ್ಲೆ ಸಕ್ಕರಿ ಫ್ಯಾಕ್ಟರ್‍ಯಾಗ ಹೆಸರು ಹಚ್ಚಿ ಬರ್ತೀವಲ್ರಿ? ಹಂಗ ನಂದೂ ಇವತ್ತಿನ ತಾರೀಖಿಗೆ ಹೆಸರು ಹಚ್ಚಿಕೊಂಡು ಬಿಡ್ರಿ. ಹಂಗಾಮ ಬಂದಾಗ ಪಾಳಿ ತಪ್ಪಬಾರದು."

ಮಗ್ಗದ ಕ್ಯಾಲೆಂಡರು

ಕಬ್ಬಿನ ಹೋಲಿಕೆ ಕೈಕೊಟ್ಟರೂ ನಾನು ಹಟ ಬಿಡುವವಳಲ್ಲ. ಮುಂದೆ ಬಂದವನು ಪವರ್‌ಲೂಮ್ ನೇಕಾರ. ತನಗೆ ನೂಲು ಕೊಡುವ ಸಾವಕಾರನ ಸೀರೆ ಮಾರಲು ಸೊಲ್ಲಾಪುರಕ್ಕೆ ಹೋದಾಗ ಎಡವಟ್ಟು ಮಾಡಿಕೊಂಡಿದ್ದ. ಅದಾಗಿ ಹತ್ತು ದಿನವಾಗಿತ್ತು. ಊರಿಗೆ ಮರಳಿದ ಮೇಲೆ ಹೆಂಡತಿಯ ಜೊತೆಗೂ ಇದ್ದ. ಆಕೆ ಎರಡು ತಿಂಗಳ ಬಸುರಿ. ಬಸುರಿನ ಮೊದಲ ರಕ್ತಪರೀಕ್ಷೆಯಲ್ಲಿ ಆಕೆಗೆ ಏನೂ ಇರಲಿಲ್ಲ ನಿಜ, ಆದರೆ ಆ ಪರೀಕ್ಷೆ ನಡೆದದ್ದು ಇವನು ಸೊಲ್ಲಾಪುರದ ಬಸ್ಸು ಹತ್ತುವ ಮುಂಚೆ.

"ಸಿಫಿಲಿಸ್ ಇದ್ರ ತಾಯಿಯಿಂದ ಕೂಸಿಗೂ ಹೋಗತೈತಿ. ಟೈಮಿಗೆ ಔಷಧ ಸಿಕ್ಕರ ಕೂಸು ಉಳಿತೈತಿ. ಆಕೀನ್ನೂ ಕರ್ಕೊಂಡು ಬಾ," ಅಂದೆ.

"ಅದೊಂದು ಬಿಟ್ಟು ಏನ್ ಬೇಕಾದ್ರೂ ಹೇಳ್ರಿ ಅಕ್ಕಾರ."

ಅವತ್ತಿನ ರಕ್ತದಲ್ಲಿ ಏನೂ ಕಾಣಲಿಲ್ಲ. ಅಷ್ಟಕ್ಕೇ ನಂಬಿ ಕೂಡಬೇಡ, ಆರು ವಾರ ಬಿಟ್ಟು ಮತ್ತೆ ಬಾ, ಅಲ್ಲಿಯವರೆಗೆ ಹೆಂಡತಿಯಿಂದ ದೂರ ಇರು ಅಂದೆ. ಅವನಿಗೆ ತಾರೀಖು ನೆನಪಿರುವುದಿಲ್ಲವಂತೆ. ನಾನೂ ಮಗ್ಗದ ಮನೆಯವಳೇ ತಾನೆ? ಹಾಸಿನ ನೂಲು ಸುತ್ತಿದ ಒಂದು ಬೀಮು ನೇಯ್ದು ಮುಗಿಸಲು ಅವನಿಗೆ ಮೂರು ವಾರ ಹಿಡಿಯುತ್ತಿತ್ತು.

"ಹಂಗಾದ್ರ ಎರಡು ಬೀಮು ಮುಗದ ಮ್ಯಾಲ ಬಾ," ಅಂದೆ. ಇಂಥ ಉಪಾಯ ಯಾವ ಪುಸ್ತಕದಲ್ಲಿದೆ ಎಂದು ಆ ದಿನವೆಲ್ಲ ಬೀಗಿದೆ.

ಇಪ್ಪತ್ತನೇ ದಿನಕ್ಕೆ ಮನುಷ್ಯ ಪ್ರತ್ಯಕ್ಷ! ಕಣ್ಣು ಕೆಂಪಗೆ, ತಲೆತುಂಬ ಹತ್ತಿಯ ಧೂಳು.

"ಮುಗದ್ವು ಅಕ್ಕಾರ! ಎರಡೂ ಮುಗದ್ವು. ರಕ್ತ ತಗೋರಿ."

"ಇಷ್ಟ ಲಗೂನ ಹೆಂಗ ಮುಗದ್ವೋ?"

"ಹೆಂಡತಿ ತಮ್ಮನ್ನ ಕರಸಿ ಎರಡು ಪಾಳಿ ನಡಿಸೀನ್ರಿ. ಕೂಸಿನ ವಿಷಯ ಐತಿ, ತಡಾ ಮಾಡಿದ್ರ ಹೆಂಗ?"

"ಮಗ್ಗ ಜೋರ ಓಡಿಸಿದ್ರ ರೋಗಾನೂ ಜೋರ ಬರತೈತೇನೋ ಮಾರಾಯಾ?"

ಅವನ ಮುಖ ಇಳಿಯಿತು. "ಇದನ್ನ ಮೊದಲ ಹೇಳಬೇಕಿತ್ತಲ್ರಿ. ನಮ್ಮ ಸಾವಕಾರ ಇನ್ನ ಮುಂದೂ ಇಷ್ಟಽ ಲಗೂ ಬೇಕು ಅನ್ನಾಕತ್ತಾನ."

ಹರಕೆ

ಹೆಂಡತಿಯಿಂದ ದೂರ ಮಲಗಲು ಮನೆಯಲ್ಲಿ ಏನು ಕಾರಣ ಹೇಳಿದ್ದಾನೆಂದು ಅವತ್ತೇ ಕೇಳಿದೆ.

"ಹೆರಿಗಿ ಆಗೂ ಮಟಾ ಪಡಸಾಲ್ಯಾಗ ಒಬ್ಬನ ಮಲಗ್ತೀನಂತ ಮನಿದೇವರಿಗೆ ಹರಕಿ ಹೊತ್ತೀನಿ ಅಂದೀನ್ರಿ."

ಅವನ ತಾಯಿ ಹೆಮ್ಮೆ ತಡೆಯಲಾರದೆ ಓಣಿಗೆಲ್ಲ ಸಾರಿಬಂದಳಂತೆ. ಓಣಿಯ ಹೆಂಗಸರು ತಂತಮ್ಮ ಗಂಡಂದಿರನ್ನು ಕೂಡಿಸಿ, "ನೋಡ್ರಿ ಅವನ್ನ! ಬಸುರಿ ಹೆಂಡತಿ ಮ್ಯಾಲ ಎಷ್ಟು ಕಾಳಜಿ!" ಎಂದು ಹಂಗಿಸತೊಡಗಿದರಂತೆ. ನಾಲ್ಕನೇ ದಿನ ಪಕ್ಕದ ಮನೆಯವನು ಇವನನ್ನು ಮೂಲೆಗೆ ಕರೆದು ಕೇಳಿದನಂತೆ:

"ಲೇ, ನಿನ್ನ ಹರಕಿ ಯಾವಾಗ ಮುಗಿತೈತಿ ಅಷ್ಟು ಹೇಳು. ನನ್ನ ಹಾಸಿಗಿನೂ ಹೊರಗ ಬಂದೈತಿ."

ಸೂಜಿ

ಆರು ವಾರ ತುಂಬಿದ ಮೇಲೆ ಅವನ ರಕ್ತ ತೆಗೆದೆವು. ಎಚ್‌ಐವಿ ಕಾಣಲಿಲ್ಲ, ಆದರೆ ಮೂರು ತಿಂಗಳಿಗೆ ಇನ್ನೊಮ್ಮೆ ನೋಡಬೇಕಿತ್ತು. ಸಿಫಿಲಿಸ್ ಇತ್ತು.

ಅವನು ಗೋಡೆಗೆ ತಲೆ ಕೊಟ್ಟು ಅತ್ತ. ಡಾಕ್ಟರು ಆಗಲೇ ಎರಡೂ ಕುಂಡಿಗೆ ಒಂದೊಂದು ಪೆನ್ಸಿಲಿನ್ ಸೂಜಿ ಮಾಡಿಸಿದರು. "ಆತು. ಇನ್ನ ಕೆಲವು ತಿಂಗಳು ರಕ್ತ ನೋಡಿಸ್ಕೋತ ಇರಬೇಕು," ಅಂದರು.

"ಇಷ್ಟಽ ಏನ್ರಿ? ಇದಕ್ಕ ಇಷ್ಟು ದಿನಾ ಜೀವಾ ತಿಂದುಕೊಂಡ್ನಿ?"

"ನಿಂದು ಆತು," ಅಂದೆ ನಾನು. "ನಿನ್ನ ಹೆಂಡತೀದು? ಕೂಸಿಂದು?"

"ಅಕ್ಕಾರ, ಟಾನಿಕ್ ಸೂಜಿ ಅಂತ ಹೇಳಿ ಆಕೀಗೆ ಮಾಡಿಬಿಡ್ರಿ."

"ಸುಳ್ಳು ಹೇಳಿ ಸೂಜಿ ಚುಚ್ಚೋ ಕೆಲಸ ಈ ಕೋಣ್ಯಾಗ ನಡಿಯಂಗಿಲ್ಲ. ನಾಳೆ ಕರ್ಕೊಂಡು ಬಾ. ನನ್ನ ಮುಂದ ನಿನ್ನ ಬಾಯಿಲೇನ ಹೇಳು."

ಮರುದಿನ ಬಂದರು. ಹೆಂಡತಿ ಬೆಂಚಿನ ಮೇಲೆ ಕೂತಳು. ಅವನಿಗೆ ಕೂಡಲು ಆಗುತ್ತಿರಲಿಲ್ಲ, ನಿಂತೇ ಇದ್ದ. ಹತ್ತು ನಿಮಿಷ ಬೆವರಿದ. ಕೊನೆಗೆ ಎಲ್ಲವನ್ನೂ ನೆಲ ನೋಡುತ್ತ ಒಂದೇ ಉಸಿರಿನಲ್ಲಿ ಹೇಳಿದ.

ಆಕೆ ಅವನ ಕಡೆ ತಿರುಗಲೇ ಇಲ್ಲ. ನನ್ನನ್ನು ಕೇಳಿದಳು, "ಇದು ಹೋಗತೈತೇನ್ರಿ ಅಕ್ಕಾರ?"

"ಪೂರ್ತಿ ಹೋಗತೈತಿ ತಂಗಿ."

"ನನ್ನ ಕೂಸು?"

"ನೀ ಇವತ್ತ ಸೂಜಿ ಮಾಡಿಸಿಕೊಂಡ್ರ ಅದು ನಿನ್ನ ಜೋಡಿ ಕೂಸಿಗೂ ಔಷಧ. ಟೈಮಿಗೆ ಬಂದೀದಿ."

ಆಕೆ ಎದ್ದಳು. ಪರೀಕ್ಷೆಗೆ ರಕ್ತ ಕೊಟ್ಟು, ಸೂಜಿ ಮಾಡಿಸಿಕೊಂಡು, ಸೆರಗು ಸರಿ ಮಾಡಿಕೊಂಡು, ನರ್ಸಿಗೆ ಹೇಳಿದಳು, "ಈಗ ಇವರಿಗೆ ಮಾಡ್ರಿ."

"ಅವರದು ನಿನ್ನೇನ ಆತವ್ವಾ. ಎರಡು ಮಾಡೇವಿ."

"ನಾ ನೋಡಿಲ್ಲಲ್ರಿ. ನನ್ನ ಮುಂದ ಇನ್ನೊಮ್ಮೆ ಮಾಡ್ರಿ."

ನರ್ಸು ಟ್ರೇ ಕೆಳಗಿಟ್ಟು ಹೊರಗೆ ಓಡಿದಳು. ಡಾಕ್ಟರು ಕಿಟಕಿಯ ಕಡೆ ತಿರುಗಿದರು, ಅವರ ಹೆಗಲು ಕುಲುಕುತ್ತಿತ್ತು. ಇಷ್ಟು ವರ್ಷ ಆ ಕೋಣೆಯಲ್ಲಿ ಬಂದವರ ಎದುರಿಗೆ ಒಮ್ಮೆಯೂ ನಗದ ನಾನು, ತುಟಿ ಕಚ್ಚಿಕೊಂಡು ಬಾಗಿಲ ಹಿಂದೆ ನಿಂತೆ.

ಮೂರು ತಿಂಗಳಿಗೆ ನೋಡಿದಾಗಲೂ ಇಬ್ಬರಿಗೂ ಎಚ್‌ಐವಿ ಇರಲಿಲ್ಲ. ತಿಂಗಳು ತುಂಬಿ ಮಗಳು ಹುಟ್ಟಿದಳು. ಕೂಸಿನ ರಕ್ತ ನೋಡಿ ಡಾಕ್ಟರು, "ಏನೂ ಇಲ್ಲ, ಛಲೋ ಐತಿ. ಇದು ನಿಮ್ಮ ಕೆಲಸ," ಎಂದು ನನ್ನ ಕಡೆ ನೋಡಿದರು. ನಾನು ಬೇಡ ಅನ್ನಲಿಲ್ಲ.

ಮೊನ್ನೆ ಗಂಡನ ರಕ್ತ ನೋಡುವ ದಿನ ಆಕೆಯೂ ಬಂದಿದ್ದಳು. ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎಲ್ಲ ಸರಿಯಾಗಿ ಕಾಣುವಂತೆ ಎದುರಿಗೇ ಕುರ್ಚಿ ಎಳೆದುಕೊಂಡಳು.

"ಇವತ್ತ ಔಷಧ ಇಲ್ಲ ತಂಗಿ, ಬರೇ ರಕ್ತ ತಗೋತೀವಿ," ಅಂದೆ.

"ರಕ್ತ ತಗೋಳಾಕೂ ಸೂಜಿ ಬೇಕಲ್ರಿ ಅಕ್ಕಾರ?" ಅಂದಳು. "ದಪ್ಪಂದು ನೋಡಿ ತಗೋರಿ."